ಗೆಳೆಯರ ಜೊತೆ ಗೋಬ್ರೊ ಹಿಡಿಯಲು ಕಡಲಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಮುಗಿಯಿತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. "ಈ ಸಲ ಯಾವಾಗ ಹೋಗೋದು? ನನಗೂ ಒಂದು ಜಾಗ ಇಡು" ಅಂತ ಒಬ್ಬರಾದ ಮೇಲೆ ಒಬ್ಬರು. ನಾವು ಐದು ಜನ ಗೆಳೆಯರು ಪ್ರತಿ ಚಳಿಗಾಲ ಕಾರವಾರದ ಬೈತಖೋಲ ಬಂದರಿನಿಂದ ಒಂದೆರಡು ದಿನ ಕಲ್ಲಿನ ಮೀನು, ಅಂದರೆ ಕಡಲ ತಳದ ಬಂಡೆಗಳಲ್ಲಿ ಇರುವ ಮೀನು, ಹಿಡಿಯಲು ಹೋಗುತ್ತೇವೆ. ಇಬ್ಬರು ಕಾರವಾರದವರು, ಒಬ್ಬ ಅಂಕೋಲೆಯವನು, ಒಬ್ಬ ಭಟ್ಕಳದವನು, ಒಬ್ಬ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವವನು. ಕರೆದುಕೊಂಡು ಹೋಗುವವರು ಯಾವಾಗಲೂ ಒಬ್ಬರೇ ತಾಂಡೇಲರು, ಅಂದರೆ ದೋಣಿ ನಡೆಸುವವರು. ಹೊಸದಾಗಿ ಸೇರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಉತ್ತರ ಒಂದೇ ಕಡೆ ಬರೆದಿಟ್ಟಿದ್ದೇನೆ. ಹೊರಡುವ ಮುಂಚೆ ಪೂರ್ತಿ ಓದಿ.

ಗೋಬ್ರೊ ಅಂದರೆ ಯಾವ ಮೀನು?

ಕಾರವಾರದ ಕೊಂಕಣಿಯಲ್ಲಿ ಗೋಬ್ರೊ. ದಕ್ಷಿಣಕ್ಕೆ ಹೋದಂತೆ ಮುರು ಮೀನು. ಭಟ್ಕಳದಲ್ಲಿ ಗಲ್ಫಿಗೆ ಹೋಗಿ ಬಂದವರನ್ನು ಕೇಳಿದರೆ ಹಮೂರ್ ಅನ್ನುತ್ತಾರೆ. ಹೋಟೆಲಿನ ಮೆನುವಿನಲ್ಲಿ ಗ್ರೂಪರ್, ರೀಫ್ ಕಾಡ್ ಅಂತ ಇರುತ್ತದೆ. ಎಲ್ಲಾ ಒಂದೇ ಕುಟುಂಬ, ಆದರೆ ಜಾತಿ ಹಲವು. ನಮಗೆ ಜಾಸ್ತಿ ಸಿಗುವುದು ಮೈಮೇಲೆ ಅಡ್ಡಪಟ್ಟೆ ಇರುವ ಚಿಕ್ಕ ಜಾತಿ. ಅಪರೂಪಕ್ಕೆ ಕಿತ್ತಳೆ ಚುಕ್ಕೆಯದ್ದು, ಮಲಬಾರ್ ಗ್ರೂಪರ್ ಅನ್ನುವ ದೊಡ್ಡದು ಬರುತ್ತವೆ.

ಬಂಗಡೆ, ತಾರ್ಲಿ (ಬೂತಾಯಿ) ಹಿಂಡು ಕಟ್ಟಿಕೊಂಡು ಊರೂರು ಸುತ್ತುವ ಮೀನು. ಗೋಬ್ರೊ ಹಾಗಲ್ಲ. ಅದಕ್ಕೆ ಒಂದು ಕಲ್ಲು, ಕಲ್ಲಿನಲ್ಲಿ ಒಂದು ಸಂದು ಬೇಕು. ಅಲ್ಲೇ ಕೂತು ಕಾಯುತ್ತದೆ. ಮೀನೋ ಏಡಿಯೋ ಎದುರಿಗೆ ಬಂದರೆ ಆ ದೊಡ್ಡ ಬಾಯಿ ಒಮ್ಮೆಲೇ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಈ ಒಂದು ಸ್ವಭಾವ ತಿಳಿದಿದ್ದರೆ ಮುಂದೆ ಬರುವ ಮುಕ್ಕಾಲು ವಿಷಯ ತಾನಾಗಿ ಅರ್ಥವಾಗುತ್ತದೆ.

ಯಾವ ತಿಂಗಳು ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ನನ್ನನ್ನು ಕೇಳಲೇಬೇಡಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಾಳಿ ನದಿ ತಂದು ಸುರಿದ ಕೆಸರು ಇನ್ನೂ ಇರುತ್ತದೆ, ಅಲೆಯೂ ಇಳಿದಿರುವುದಿಲ್ಲ.

ತಿಂಗಳ ಜೊತೆ ತಿಥಿಯನ್ನೂ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರಿನ ಸೆಳೆತ ಜಾಸ್ತಿ. ಸೀಸ ತಳ ಮುಟ್ಟುವ ಮೊದಲೇ ದಾರ ಓರೆಯಾಗಿ ಎಲ್ಲೋ ಹೋಗಿಬಿಡುತ್ತದೆ. ಅಷ್ಟಮಿ ಆಸುಪಾಸಿನ ದಿನಗಳಲ್ಲಿ ಸೆಳೆತ ಕಡಿಮೆ, ದಾರ ನೆಟ್ಟಗೆ ಇಳಿಯುತ್ತದೆ. ಹಾಗಾಗಿ ನಾವು ಭಾನುವಾರಕ್ಕಿಂತ ಅಷ್ಟಮಿಗೆ ರಜೆ ಹಾಕುವುದು ಹೆಚ್ಚು.

ಎಷ್ಟು ಹೊತ್ತಿಗೆ ಹೊರಡುತ್ತೀರಿ?

ಬೆಳಗಿನ ಜಾವ ನಾಲ್ಕೂವರೆಗೆ ಬಂದರಿನಲ್ಲಿ ಇರಬೇಕು. ಚಳಿಗಾಲದ ಬೆಳಿಗ್ಗೆ ಗಾಳಿ ಗುಡ್ಡದ ಕಡೆಯಿಂದ ಕಡಲಿಗೆ ಬೀಸುತ್ತದೆ, ನೀರು ಮಲಗಿರುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದು ಕಡಲು ಒರಟಾಗುತ್ತದೆ. ಅಷ್ಟರೊಳಗೆ ನಾವು ವಾಪಸು ಮುಖ ಮಾಡಿರುತ್ತೇವೆ. ಐದು ನಿಮಿಷ ತಡವಾದವರಿಗೆ ಕಾಯುತ್ತೇವೆ. ಅರ್ಧ ಗಂಟೆ ತಡವಾದವರಿಗೆ ಕಾಯುವುದಿಲ್ಲ.

ಕಲ್ಲು ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ?

ಈಗ ಎಲ್ಲರ ಹತ್ತಿರ ಜಿಪಿಎಸ್ ಇದೆ, ಕಡಲ ತಳವನ್ನು ಪರದೆ ಮೇಲೆ ತೋರಿಸುವ ಫಿಶ್ ಫೈಂಡರ್ ಇದೆ. ನಮ್ಮ ದೋಣಿಯಲ್ಲೂ ಇದೆ. ಆದರೂ ತಾಂಡೇಲರು ಮೊದಲು ನೋಡುವುದು ಗುಡ್ಡವನ್ನು. ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ (1864ರಲ್ಲಿ ಬ್ರಿಟಿಷರು ಕಟ್ಟಿಸಿದ್ದು) ಹಿಂದಿನ ಇಂತಿಂಥ ಗುಡ್ಡದ ತುದಿಗೆ ಸರಿಯಾಗಿ ಕೂಡಬೇಕು. ಇನ್ನೊಂದು ಕಡೆ ಬೇರೆ ಎರಡು ಗುರುತು ಒಂದಕ್ಕೊಂದು ಕೂಡಬೇಕು. ಎರಡು ಗೆರೆ ಸೇರುವ ಜಾಗದ ಕೆಳಗೆ ಕಲ್ಲು. ಅವರ ಅಪ್ಪ ತೋರಿಸಿಕೊಟ್ಟ ಗುರುತುಗಳಿವು. ಮೊದಲ ಸಲ ಅವರು ಎಂಜಿನ್ ನಿಲ್ಲಿಸಿ "ಬಿಡಿ" ಅಂದಾಗ ನಾನು ಮೆಷಿನ್ ನೋಡಿದೆ. ಅದುವರೆಗೆ ಸಪಾಟಾಗಿದ್ದ ತಳ ಪರದೆ ಮೇಲೆ ಒಂದು ಗೂನಿನ ಹಾಗೆ ಎದ್ದು ನಿಂತಿತ್ತು. ಮೈ ಜುಮ್ ಅಂದಿತು.

ಆಳವನ್ನು ಅವರು ಮಾರಿನ ಲೆಕ್ಕದಲ್ಲಿ ಹೇಳುತ್ತಾರೆ. ಎರಡೂ ತೋಳು ಚಾಚಿದರೆ ಒಂದು ಮಾರು, ಸುಮಾರು ಆರು ಅಡಿ. ನಾವು ಹೋಗುವುದು ಹತ್ತು ಹನ್ನೆರಡು ಮಾರು ನೀರಿಗೆ, ಅಂದರೆ 20 ಮೀಟರಿನ ಹತ್ತಿರ.

ಕಲ್ಲುಗಳ ಗುರುತು ದಯವಿಟ್ಟು ಕೇಳಬೇಡಿ. ಅದು ಅವರ ಮನೆಯ ಆಸ್ತಿ. ದೋಣಿಯಲ್ಲಿ ಕೂತು ಫೋನಿನಲ್ಲಿ ಲೊಕೇಶನ್ ಉಳಿಸಿಕೊಳ್ಳುವುದು ಕೂಡ ಬೇಡ.

ಎಲ್ಲಿ ಬೇಕಾದರೂ ಹೋಗಬಹುದಾ?

ಇಲ್ಲ. ಅರ್ಗಾದ ಕದಂಬ ನೌಕಾನೆಲೆ, ಅಂಜುದೀವ್ ದ್ವೀಪದ ಸುತ್ತಮುತ್ತ ನೌಕಾಪಡೆಯ ನಿರ್ಬಂಧ ಇದೆ. ಆ ಕಡೆ ಮೂತಿ ಹಾಕುವ ಹಾಗಿಲ್ಲ. ಎಲ್ಲರೂ ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಕೋಸ್ಟ್ ಗಾರ್ಡಿನವರು, ಕರಾವಳಿ ಕಾವಲು ಪೊಲೀಸರು ನಿಲ್ಲಿಸಿ ಕೇಳಬಹುದು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋಗೋಣ ಅಂತ ಕೆಲವರು ಕೇಳುತ್ತಾರೆ. ಅಲ್ಲಿನ ನೀರು ತಿಳಿ, ಹವಳ ಇದೆ, ಸ್ಕೂಬಾ ಮಾಡುವವರು ಅದಕ್ಕೇ ಬರುತ್ತಾರೆ. ಜನ ನೀರಿನೊಳಗೆ ಮೀನು ನೋಡಲು ಇಳಿಯುವ ಜಾಗದಲ್ಲಿ ಗಾಳ ಬಿಡುವುದು ನನಗೆ ಸರಿ ಕಾಣುವುದಿಲ್ಲ. ನೇತ್ರಾಣಿಗೆ ನಾವು ನೋಡಲು ಮಾತ್ರ ಹೋಗಿದ್ದೇವೆ.

ಈಜು ಬರುತ್ತದೆ, ಲೈಫ್ ಜಾಕೆಟ್ ಹಾಕಲೇಬೇಕಾ?

ಹಾಕಲೇಬೇಕು. ದಕ್ಕೆ ಬಿಟ್ಟಾಗಿನಿಂದ ದಕ್ಕೆಗೆ ಮರಳುವ ತನಕ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ದಡದಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ. ಕಾರವಾರದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತಿದ್ದೇನೆ. ಸೆಖೆ ಆಗುತ್ತದೆ, ಫೋಟೋ ಚೆನ್ನಾಗಿ ಬರುವುದಿಲ್ಲ ಅನ್ನುವವರು ಬರಬೇಡಿ.

ದೋಣಿಗೆ ಆರಕ್ಕಿಂತ ಹೆಚ್ಚು ಜನ ಹತ್ತುವುದಿಲ್ಲ, ತಾಂಡೇಲರೂ ಸೇರಿ. ಹಿಂದಿನ ದಿನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆ, ಗಾಳಿಯ ಮುನ್ಸೂಚನೆ ನೋಡುತ್ತೇವೆ. ಮುನ್ಸೂಚನೆ ಚೆನ್ನಾಗಿದ್ದರೂ ತಾಂಡೇಲರು ಆಕಾಶ ನೋಡಿ "ಇವತ್ತು ಬೇಡ" ಅಂದರೆ ಮುಗಿಯಿತು. ಶಿರಸಿಯಿಂದ ರಾತ್ರಿ ಎದ್ದು ಬಂದವನೂ ಚಹಾ ಕುಡಿದು ವಾಪಸು ಹೋಗಿದ್ದಾನೆ. ಕಡಲಲ್ಲಿ ತೊಂದರೆಯಾದರೆ ಕೋಸ್ಟ್ ಗಾರ್ಡಿನ 1554 ನಂಬರು, ವಿಎಚ್‌ಎಫ್ ರೇಡಿಯೋದಲ್ಲಿ 16ನೇ ಚಾನಲ್. ಎರಡನ್ನೂ ಬಾಯಿಪಾಠ ಮಾಡಿ, ಹೊರಗೆ ಹೋದಂತೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

ಗಾಳ, ದಾರ, ಎರೆ ಏನು ತರಬೇಕು?

ಏನೂ ತರಬೇಡಿ, ಮೊದಲ ಸಲ ನಮ್ಮದೇ ಸಾಕು. ರಾಡು, ರೀಲು ಎರಡಿವೆ, ಉಳಿದವರು ಕೈದಾರ ಹಿಡಿಯುತ್ತೇವೆ. ದಾರ ದಪ್ಪ ಇರಬೇಕು, ಕಲ್ಲಿಗೆ ಉಜ್ಜುತ್ತದೆ. ಸೀಸದ ಗುಂಡನ್ನು ಮಾತ್ರ ಬೇರೆ ತೆಳು ದಾರದಲ್ಲಿ ಕಟ್ಟುತ್ತೇವೆ. ಸೀಸ ಸಂದಿನಲ್ಲಿ ಸಿಕ್ಕಿಬಿದ್ದರೆ ಆ ತೆಳು ದಾರ ಹರಿದು ಸೀಸವಷ್ಟೇ ಹೋಗುತ್ತದೆ, ಗಾಳ ಉಳಿಯುತ್ತದೆ. ಗಾಳ ದುಂಡಗೆ ಒಳಗೆ ಬಾಗಿದ್ದು ಆಗಬೇಕು, ಅದು ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಯಲ್ಲಿ ಕೂರುತ್ತದೆ. ಬಿಡಬೇಕಾದ ಮೀನನ್ನು ಬಿಡಲು ಸುಲಭ.

ಎರೆಗೆ ಬಂಗಡೆಯ ತುಂಡು, ಬೊಂಡಾಸ್ (ಸ್ಕ್ವಿಡ್). ಬೊಂಡಾಸ್ ಗಟ್ಟಿ, ಚಿಕ್ಕ ಮೀನುಗಳು ಕಚ್ಚಿ ಕಚ್ಚಿ ಎಳೆದರೂ ಬಿಡುವುದಿಲ್ಲ. ಬಂಗಡೆಗೆ ವಾಸನೆ ಹೆಚ್ಚು. ತಾಜಾ ಇರಬೇಕು. ಹಳಸಿದ ಎರೆಗೆ ಗೋಬ್ರೊ ತಿರುಗಿಯೂ ನೋಡುವುದಿಲ್ಲ ಅನ್ನುತ್ತಾರೆ ತಾಂಡೇಲರು.

ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಹಾಕಿಕೊಳ್ಳಿ. ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ, ಯಾವತ್ತೂ. ನಾನು ಮೊದಲ ವರ್ಷ ಸುತ್ತಿಕೊಂಡಿದ್ದೆ. ಮೀನು ಎಳೆದ ರಭಸಕ್ಕೆ ಅಂಗೈ ಅಂಚು ಕತ್ತರಿಸಿ ನಾಲ್ಕು ಹೊಲಿಗೆ ಬಿತ್ತು. ಗೆರೆ ಈಗಲೂ ಇದೆ.

ಮೀನು ಕಚ್ಚಿದ್ದು ಹೇಗೆ ಗೊತ್ತಾಗುತ್ತದೆ?

ಚಿಕ್ಕ ಮೀನಾದರೆ ದಾರದಲ್ಲಿ ಟಕ ಟಕ ಅಂತ ತಟ್ಟಿದ ಹಾಗೆ ಆಗುತ್ತದೆ. ಗೋಬ್ರೊ ಹಾಗೆ ತಟ್ಟುವುದಿಲ್ಲ. ಸೀಸ ತಳ ಮುಟ್ಟಿದ ಮೇಲೆ ಒಂದು ಮಾರು ಮೇಲೆ ಎತ್ತಿ ಹಿಡಿದಿರುತ್ತೀರಿ. ದಾರ ಬೆರಳಿನ ಮೇಲೆ ಸುಮ್ನೆ ಕೂತಿರುತ್ತದೆ, ನೀರಿನ ಸಣ್ಣ ನಡುಕ ಮಾತ್ರ. ಆಮೇಲೆ ಒಮ್ಮೆಲೇ ಭಾರ. ಬಾವಿಗೆ ಬಿಟ್ಟ ಕೊಡಪಾನ ತುಂಬಿದಾಗ ಹಗ್ಗ ಜಗ್ಗುತ್ತದಲ್ಲ, ಹಾಗೆ. ಮರುಕ್ಷಣವೇ ಆ ಭಾರ ಕೆಳಗೆ ಓಡಲು ಶುರು ಮಾಡುತ್ತದೆ.

ಇಲ್ಲಿ ಯೋಚನೆ ಮಾಡಲು ಸಮಯ ಇಲ್ಲ. ಅದು ತನ್ನ ಸಂದಿಗೆ ಓಡುತ್ತಿದೆ. ಮೊದಲ ಎರಡು ಮೂರು ಮಾರು ನಿಮ್ಮದಾದರೆ ಮೀನು ನಿಮ್ಮದು. ಎರಡೂ ಕೈಯಿಂದ, ಒಂದರ ಮೇಲೊಂದು, ನಿಲ್ಲಿಸದೆ ಎಳೆಯಿರಿ. ಕಲ್ಲಿನಿಂದ ಐದಾರು ಮಾರು ಮೇಲೆ ಬಂದ ಮೇಲೆ ಅದರ ಜೋರು ಇಳಿಯುತ್ತದೆ. ಕೊನೆಗೆ ನೀರಿನೊಳಗೆ ಮಸುಕು ಕಂದು ಬಣ್ಣ ಕಾಣುತ್ತದೆ, ಆಮೇಲೆ ಪಟ್ಟೆ, ಆಮೇಲೆ ಆ ದಪ್ಪ ತುಟಿ.

ಸಂದಿನೊಳಗೆ ಹೋಗಿಬಿಟ್ಟರೆ?

ಎಳೆಯಬೇಡಿ. ಒಳಗೆ ಹೋದ ಗೋಬ್ರೊ ಕಿವಿರು ಅಗಲಿಸಿ, ಬೆನ್ನಿನ ಮುಳ್ಳು ನಿಗುರಿಸಿ ಕಲ್ಲಿಗೆ ಒತ್ತಿಕೊಂಡು ನಿಲ್ಲುತ್ತದೆ. ಎಳೆದಷ್ಟೂ ಬಿಗಿ. ದಾರ ಸಡಿಲ ಬಿಟ್ಟು ಐದು ನಿಮಿಷ ಕಾಯಿರಿ, ಬೇಕಾದರೆ ಹತ್ತು. ಬೀಡಿ ಹಚ್ಚುವವರು ಹಚ್ಚಿಕೊಳ್ಳುತ್ತಾರೆ. ಅಪಾಯ ಹೋಯಿತು ಅಂತ ಅದು ಮೆಲ್ಲಗೆ ಹೊರಗೆ ಬರುತ್ತದೆ. ದಾರ ತಾನಾಗಿ ಅಲುಗಿದಾಗ ಎತ್ತಬೇಕು. ಮೂರರಲ್ಲಿ ಒಂದು ಸಲ ಸಿಗುತ್ತದೆ, ಇನ್ನೆರಡು ಸಲ ದಾರ ಕತ್ತರಿಸುವುದೇ ದಾರಿ.

ಈಟಿ ಹಿಡಿದು ಮುಳುಗಿ ಹಿಡಿಯಬಹುದಾ?

ಇದನ್ನು ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ನಮ್ಮಲ್ಲಿ ಉಸಿರು ಬಿಗಿಹಿಡಿದು ಮುಳುಗಲು ಸರಿಯಾಗಿ ಕಲಿತವರು ಇಬ್ಬರೇ. ಅವರು ಮಾತ್ರ ಇಳಿಯುತ್ತಾರೆ. ನಿಮಗೂ ಆಸೆ ಇದ್ದರೆ ಮೊದಲು ತರಬೇತಿ ಪಡೆಯಿರಿ, ಆ ಜಾಗದಲ್ಲಿ ಅನುಮತಿ ಇದೆಯಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ, ಆಮೇಲೆ ಮಾತಾಡೋಣ.

ಒಬ್ಬ ಮುಳುಗಿದರೆ ಇನ್ನೊಬ್ಬ ಮೇಲೆ ಇರಬೇಕು, ಅವನ ಮೇಲೆಯೇ ಕಣ್ಣಿಟ್ಟು. ಇಬ್ಬರೂ ಒಟ್ಟಿಗೆ ಮುಳುಗುವ ಹಾಗಿಲ್ಲ. ಉಸಿರು ಕಟ್ಟಿ ಮುಳುಗುವವರಿಗೆ ದೊಡ್ಡ ಅಪಾಯ ಇರುವುದು ತಳದಲ್ಲಲ್ಲ, ಮೇಲೆ ಬರುವಾಗಿನ ಕೊನೆಯ ಕೆಲವು ಮೀಟರಿನಲ್ಲಿ. ಮೇಲೆ ಬಂದಂತೆ ನೀರಿನ ಒತ್ತಡ ಇಳಿಯುತ್ತದೆ, ಶ್ವಾಸಕೋಶದಲ್ಲಿ ಉಳಿದ ಆಮ್ಲಜನಕ ರಕ್ತಕ್ಕೆ ಸಿಗುವುದು ಥಟ್ಟನೆ ಕಡಿಮೆಯಾಗುತ್ತದೆ, ಸೂಚನೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಮುಳುಗುವ ಮೊದಲು ಜೋರಾಗಿ ಸರಸರ ಉಸಿರಾಡಿದರೆ ಈ ಅಪಾಯ ಇನ್ನೂ ಹೆಚ್ಚು. ಉಸಿರು ಬೇಕು ಅಂತ ಮೈ ಕೂಗಿ ಹೇಳುವುದನ್ನೇ ಅದು ತಡ ಮಾಡಿಸುತ್ತದೆ. ಪಕ್ಕದಲ್ಲಿ ಜೊತೆಗಾರ ಇದ್ದರೆ ಮುಖ ನೀರಿನಿಂದ ಎತ್ತಿ ಹಿಡಿಯುತ್ತಾನೆ. ಇಲ್ಲದಿದ್ದರೆ ಇಲ್ಲ.

ಈಟಿ ಬಂದೂಕನ್ನು ದೋಣಿಯಲ್ಲಿ ಯಾವತ್ತೂ ಬಿಗಿದಿಡಬಾರದು, ನೀರಿಗಿಳಿದ ಮೇಲೆಯೇ ಬಿಗಿಯಬೇಕು. ಮೇಲೆ ಬಣ್ಣದ ತೇಲುಬುರುಡೆ, ಬಾವುಟ ಕಡ್ಡಾಯ, ಬೇರೆ ದೋಣಿಯವರಿಗೆ ಕೆಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಾಗಬೇಕಲ್ಲ.

ಈಟಿಯಲ್ಲಿ ಒಂದು ಒಳ್ಳೆಯದಿದೆ: ಯಾವ ಮೀನು, ಎಷ್ಟು ದೊಡ್ಡದು ಅಂತ ನೋಡಿ ಆರಿಸಬಹುದು. ಒಂದು ಕೆಟ್ಟದ್ದೂ ಇದೆ: ಒಮ್ಮೆ ಬಿಟ್ಟ ಮೇಲೆ ತಪ್ಪಾಯಿತು ಅಂತ ವಾಪಸು ಬಿಡಲು ಆಗುವುದಿಲ್ಲ. ಮೇಲಾಗಿ ಗೋಬ್ರೊ ಕುತೂಹಲದ ಮೀನು. ಮನುಷ್ಯನನ್ನು ಕಂಡು ಓಡಿಹೋಗದೆ ಸಂದಿನಿಂದ ತಲೆ ಹೊರಗೆ ಹಾಕಿ ನೋಡುತ್ತದೆ. ಅದಕ್ಕೇ ಈಟಿಗೆ ಒಬ್ಬರಿಗೆ ಒಂದೇ ಮೀನು ಅಂತ ಮಾಡಿಕೊಂಡಿದ್ದೇವೆ.

ದಿನಕ್ಕೆ ಎಷ್ಟು ಮೀನು ತರುತ್ತೀರಿ? ಅಷ್ಟು ದೂರ ಹೋಗಿ ಇಷ್ಟೇನಾ?

ಒಂದು ಕಲ್ಲಿಗೆ ಎರಡು ಗೋಬ್ರೊ. ಅಷ್ಟಾದ ಮೇಲೆ ಲಂಗರು ಎತ್ತುತ್ತೇವೆ, ಕೆಳಗೆ ಇನ್ನೂ ಕಚ್ಚುತ್ತಿದ್ದರೂ ಸರಿ. ಒಂದೂವರೆ ಗೇಣಿಗಿಂತ ಚಿಕ್ಕದು ವಾಪಸು. ಎರಡು ಮೊಳಕ್ಕಿಂತ ದೊಡ್ಡದು ಅದೂ ವಾಪಸು. ಬೇರೆ ಮೀನು ಸಿಕ್ಕಿದರೆ ಮನೆಗೆ ಬೇಕಾದಷ್ಟು.

ದೊಡ್ಡದನ್ನು ಯಾಕೆ ಬಿಡುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಗೋಬ್ರೊಗಳಲ್ಲಿ ಬಹುಪಾಲು ಜಾತಿ ಹೆಣ್ಣಾಗಿ ಬೆಳೆಯುತ್ತವೆ. ವಯಸ್ಸಾಗಿ, ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗಿ ಬದಲಾಗುತ್ತವೆ. ಅಂದರೆ ಒಂದು ಕಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿದರೆ ಅಲ್ಲಿದ್ದ ಗಂಡನ್ನೇ ಎತ್ತಿದ ಹಾಗೆ ಆಗಬಹುದು. ಇನ್ನೊಂದು ಬೆಳೆದು ಗಂಡಾಗಲು ವರ್ಷಗಳು ಬೇಕು. ಬಂಗಡೆಯ ಹಾಗೆ ವರ್ಷಕ್ಕೊಮ್ಮೆ ತುಂಬಿ ಬರುವ ಮೀನಲ್ಲ ಇದು, ನಿಧಾನಕ್ಕೆ ಬೆಳೆಯುವುದು.

ನಾವೇ ಇದನ್ನು ತಪ್ಪು ಮಾಡಿ ಕಲಿತಿದ್ದು. ಎರಡನೇ ವರ್ಷ ಒಂದು ಸಣ್ಣ ಕಲ್ಲಿನಲ್ಲಿ ಒಂದೇ ಬೆಳಿಗ್ಗೆ ಒಂಬತ್ತು ಗೋಬ್ರೊ ಎತ್ತಿದೆವು. ತಾಂಡೇಲರು ಏಳನೆಯದಕ್ಕೇ "ಸಾಕು ಮಾರಾಯಾ" ಅಂದಿದ್ದರು, ನಾವು ಕೇಳಲಿಲ್ಲ. ಮುಂದಿನ ವರ್ಷ ಅದೇ ಕಲ್ಲಿಗೆ ಹೋದರೆ ಒಂದೂ ಕಚ್ಚಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಅದಾದ ಮೇಲಿನ ವರ್ಷ ಒಂದು ಗೇಣುದ್ದದ ಮರಿ ಬಂತು. ಅದನ್ನು ನೀರಿಗೆ ಬಿಡುವಾಗ ಯಾರೂ ಮಾತಾಡಲಿಲ್ಲ. ಅಂದಿನಿಂದ ಕಲ್ಲಿಗೆ ಎರಡು.

ಬಿಟ್ಟ ಮೀನು ಬದುಕುತ್ತದಾ?

ಸುಮ್ನೆ ಎಸೆದರೆ ಬದುಕುವುದು ಕಷ್ಟ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು. ಅಲ್ಲಿಂದ ಬೇಗ ಎಳೆದಾಗ ಮೀನಿನ ಗಾಳಿಚೀಲ ಉಬ್ಬುತ್ತದೆ. ಹೊಟ್ಟೆ ಬಲೂನಿನ ಹಾಗೆ, ಕಣ್ಣು ಹೊರಗೆ, ಕೆಲವು ಸಲ ಜಠರವೇ ಬಾಯಿಂದ ಹೊರಗೆ ಬಂದಿರುತ್ತದೆ. ಹಾಗೇ ಬಿಟ್ಟರೆ ಮುಳುಗಲಾಗದೆ ಅಂಗಾತ ತೇಲುತ್ತದೆ, ಹದ್ದಿನ ಪಾಲು. ಹೊರಗೆ ಬಂದ ಜಠರಕ್ಕೆ ಚುಚ್ಚಬೇಡಿ, ಒಳಗೆ ತುರುಕಲೂ ಬೇಡಿ.

ನಮ್ಮ ಹತ್ತಿರ ಒಂದು ಕಿಲೋ ಸೀಸಕ್ಕೆ ಮುಳ್ಳು ಉಜ್ಜಿ ತೆಗೆದ ಗಾಳವನ್ನು ತಲೆಕೆಳಗಾಗಿ ಕಟ್ಟಿದ ದಾರ ಒಂದಿದೆ. ಅದನ್ನು ಮೀನಿನ ಕೆಳತುಟಿಗೆ ಸಿಕ್ಕಿಸಿ ಮೆಲ್ಲಗೆ ಇಳಿಬಿಡುತ್ತೇವೆ. ಇಳಿದಂತೆ ಒತ್ತಡ ಹೆಚ್ಚಿ ಉಬ್ಬು ತಾನಾಗಿ ತಗ್ಗುತ್ತದೆ. ತಳ ಮುಟ್ಟಿದ ಮೇಲೆ ದಾರ ಒಂದು ಸಲ ಜಗ್ಗಿದರೆ ಗಾಳ ಕಳಚುತ್ತದೆ. ಮೊದಲು ಎರಡು ಮೂರು ಮಾರು ಮೀನು ಜಡವಾಗಿ ಇಳಿಯುತ್ತದೆ. ಆಮೇಲೆ ದಾರದಲ್ಲಿ ಬಾಲದ ಹೊಡೆತ ಬೆರಳಿಗೆ ತಾಗುತ್ತದೆ. ಮೀನು ಹಿಡಿದಾಗ ಆಗುವುದಕ್ಕಿಂತ ಆ ಹೊಡೆತ ನನಗೆ ಹೆಚ್ಚು ಖುಷಿ.

ಯಾವುದನ್ನು ಮುಟ್ಟಲೇಬಾರದು?

ಮೈತುಂಬ ಬೆಳೆದರೆ 2.7 ಮೀಟರ್ ತನಕ ಆಗುವ ದೈತ್ಯ ಗೋಬ್ರೊ, ಹವಳ, ಕಡಲಕುದುರೆ, ಗರಗಸ ಮೀನು, ತಿಮಿಂಗಿಲ ಶಾರ್ಕ್, ಕಡಲಾಮೆ. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಗಾಳಕ್ಕೆ ತಾನಾಗಿ ಬಂದರೆ ದಾರ ಕತ್ತರಿಸಿ ಬಿಡುವುದು, ಫೋಟೋಗೂ ಎತ್ತುವ ಹಾಗಿಲ್ಲ. ಲಂಗರನ್ನು ಕಲ್ಲಿನ ಮೇಲೆ ಎಸೆಯದೆ ಪಕ್ಕದ ಮರಳಿಗೆ ಬಿಡುತ್ತೇವೆ.

ಮುಳ್ಳು ಚುಚ್ಚಿದರೆ?

ಗೋಬ್ರೊದ ಬೆನ್ನುಮುಳ್ಳು ಚುಚ್ಚಿದರೆ ತೊಳೆದು ಔಷಧಿ ಹಚ್ಚಿದರೆ ಸಾಕು. ತೊರಕೆಯ (ಸ್ಟಿಂಗ್‌ರೇ) ಬಾಲದ ಮುಳ್ಳು, ಕಲ್ಲುಮೀನು (ಸ್ಟೋನ್‌ಫಿಶ್) ಚುಚ್ಚಿದರೆ ಮಾತ್ರ ನಂಜು. ತಡೆದುಕೊಳ್ಳುವಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಿನಲ್ಲಿ ಆ ಭಾಗ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಬಿಸಿಯನ್ನು ಮೊದಲು ಗಾಯವಾಗದ ಕೈಯಿಂದ ನೋಡಿ. ಅದಕ್ಕೇ ಎರಡು ಫ್ಲಾಸ್ಕ್ ಬಿಸಿನೀರು ಯಾವಾಗಲೂ ಇರುತ್ತದೆ. ದಡಕ್ಕೆ ಬಂದ ಕೂಡಲೇ ಆಸ್ಪತ್ರೆ.

ವಾಂತಿ ಬರುತ್ತದಾ?

ಬರಬಹುದು. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಎಣ್ಣೆ ತಿಂಡಿ ತಿಂದೂ ಬರಬೇಡಿ. ಒಗ್ಗರಣೆ ಅವಲಕ್ಕಿ ಸಾಕು. ದೂರದ ಗುಡ್ಡ ನೋಡುತ್ತಾ ಕೂರಿ, ಫೋನ್ ನೋಡಬೇಡಿ. ಹಿಂದಿನ ರಾತ್ರಿ ಕುಡಿದವರಿಗೆ ದೋಣಿಯಲ್ಲಿ ಜಾಗ ಇಲ್ಲ.

ನಾನು ಮೀನು ತಿನ್ನುವುದಿಲ್ಲ. ಬರಬಹುದಾ?

ಖಂಡಿತ ಬನ್ನಿ. ನಮ್ಮ ಶಿರಸಿ ಗೆಳೆಯ ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ. ಗುರುತು ಕೂಡುವುದನ್ನು ನಮ್ಮೆಲ್ಲರಿಗಿಂತ ಬೇಗ ಕಲಿತವನು ಅವನೇ. ಅಡಿಕೆ ತೋಟದಲ್ಲಿ ಸಾಲು ನೋಡಿ ಬೆಳೆದ ಕಣ್ಣು ಅಲ್ವಾ. ಬಿಟ್ಟ ಮೀನುಗಳ ಲೆಕ್ಕ ಬರೆಯುವುದು, ದಾರ ಇಳಿಸುವುದು ಅವನ ಕೆಲಸ. ಮಧ್ಯಾಹ್ನ ಮೊಸರನ್ನದ ಜೊತೆ ಅವನು ತರುವ ಅಪ್ಪೆಮಿಡಿ ಉಪ್ಪಿನಕಾಯಿಗೆ ಎಲ್ಲರೂ ಕೈಚಾಚುತ್ತೇವೆ.

ಮೀನನ್ನು ಹೇಗೆ ಇಡುತ್ತೀರಿ?

ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿಯುತ್ತೇವೆ. ಆಮೇಲೆ ಐಸಿಗೆ ಉಪ್ಪುನೀರು ಬೆರೆಸಿದ ಪೆಟ್ಟಿಗೆಗೆ. ಮೀನಿನಷ್ಟೇ ತೂಕದ ಐಸ್ ಇರಬೇಕು. ಬಿಸಿಲಿನಲ್ಲಿ ಹತ್ತು ನಿಮಿಷ ಬಿದ್ದ ಗೋಬ್ರೊಗೂ ನೇರ ಐಸಿಗೆ ಹೋದದ್ದಕ್ಕೂ ರುಚಿಯಲ್ಲಿ ಅಜಗಜಾಂತರ.

ಅಡುಗೆ ಯಾರ ಮನೆಯಲ್ಲಿ? ತಲೆ ಯಾರಿಗೆ?

ಅಡುಗೆ ನಮ್ಮ ಮನೆಯಲ್ಲಿ, ಅಮ್ಮನ ಕೈಯಲ್ಲಿ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಹಸಿ ಕಾಯಿತುರಿ ನುಣ್ಣಗೆ ರುಬ್ಬಿ, ಹುಳಿ ಹಾಕಿ ಕುದಿಸಿ, ಕೊನೆಗೆ ಮೀನು. ಗೋಬ್ರೊದ ಮಾಂಸ ಬಿಳಿ, ದಪ್ಪ ದಪ್ಪ ಪದರ, ಮುಳ್ಳು ಕಡಿಮೆ. ಜಾಸ್ತಿ ಕುದಿಸಿದರೆ ರಬ್ಬರು. ಕುಚ್ಚಲಕ್ಕಿ ಅನ್ನದ ಜೊತೆ ತಿನ್ನಬೇಕು.

ತಲೆಯಲ್ಲೇ ರುಚಿ ಎಲ್ಲಾ. ಕೆನ್ನೆಯ ಆ ಎರಡು ತುಂಡು, ತುಟಿಯ ಅಂಟು ಅಂಟು ಚರ್ಮ. ಅದು ತಾಂಡೇಲರ ಮನೆಗೆ ಹೋಗುತ್ತದೆ, ಪ್ರತಿ ಸಲ. ಸಂಜೆ ಬಂದರಿನಿಂದ ನೇರ ಅಲ್ಲಿಗೆ ಹೋಗಿ ಅಂಗಳದಲ್ಲಿ ಕೊಟ್ಟು ಬರುತ್ತೇವೆ. ಅವರ ಮನೆಯಾಕೆ ಮುಚ್ಚಳ ತೆಗೆದು ನೋಡಿ, "ಎಷ್ಟು ಬಿಟ್ರಿ?" ಅಂತ ಕೇಳುತ್ತಾರೆ. ಎಷ್ಟು ಹಿಡಿದಿರಿ ಅಂತಲ್ಲ. ನಮ್ಮ ಶಿರಸಿಯವನು ಪುಸ್ತಕ ತೆಗೆದು ಓದುತ್ತಾನೆ.